ಕುಸಿದ ಪಿಕಪ್ ವಾಹನಕ್ಕೆ ಹೊಸ ಪಾಟಾ: ಸಮಮಟ್ಟಕ್ಕೆ ತರುವ ಸರಿಯಾದ ಕ್ರಮ

ಕುಂದಗೋಳ ತಾಲೂಕಿನ ಎರೆಭೂಮಿಯಲ್ಲಿ ಬೆಳೆದ ಮೆಣಸಿನಕಾಯಿ ಬ್ಯಾಡಗಿಗೆ ಹೋಗಬೇಕು. ಹತ್ತಿ, ಹೆಸರು, ಶೇಂಗಾ, ಕಡಲೆಗಳು ಹುಬ್ಬಳ್ಳಿಯ ಅಮರಗೋಳ ಪೇಟೆಗೆ ಇಲ್ಲವೆ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಒಂದು ಕಾಲಕ್ಕೆ ಈ ಕೆಲಸವನ್ನು ಚಕ್ಕಡಿಗಳು ಮಾಡುತ್ತಿದ್ದವು. ಈಗ ಅದರ ಬಹುಪಾಲನ್ನು ಪಿಕಪ್ ವಾಹನಗಳು ಮಾಡುತ್ತಿವೆ. ಹಳ್ಳಿಗಳಲ್ಲಿ ಓಡುವ ಇಂಥ ವಾಹನಗಳಲ್ಲಿ ಹಲವು ಹತ್ತು ಹನ್ನೆರಡು ವರ್ಷ ದುಡಿದಂಥವು. ಎರಡನೆಯ ಇಲ್ಲವೆ ಮೂರನೆಯ ಮಾಲೀಕನ ಕೈಗೆ ಬಂದಂಥವು. ಎಂಜಿನ್ನು ಇನ್ನೂ ಗಟ್ಟಿಯಾಗಿರುತ್ತದೆ. ಆದರೆ ಹೇರು ಹಾಕಿದೊಡನೆ ಹಿಂಭಾಗ ಕುಸಿದು, ಮೂತಿ ಮೇಲಕ್ಕೆದ್ದು ನಿಲ್ಲುತ್ತದೆ. ಕೆಲವು ಗಾಡಿಗಳು ಖಾಲಿ ಇದ್ದಾಗಲೂ ಒಂದು ಮಗ್ಗುಲಿಗೆ ವಾಲಿರುತ್ತವೆ.

ಇದು ನೋಟದ ದೋಷವಷ್ಟೇ ಎಂದು ಹಲವರು ಅಲಕ್ಷಿಸುತ್ತಾರೆ. ಇನ್ನು ಕೆಲವರು ಗುಜರಿಯಿಂದ ಒಂದೆರಡು ದಪ್ಪ ಪಾಟಾ ತಂದು ತುರುಕಿಸಿ, ಗಾಡಿ ಎತ್ತರವಾಯಿತೆಂದು ಸಮಾಧಾನಪಡುತ್ತಾರೆ. ಎರಡೂ ತಪ್ಪು. ವಾಹನದ ಮಟ್ಟ ಕೆಟ್ಟಾಗ ಬ್ರೇಕು, ಸ್ಟಿಯರಿಂಗು, ದೀಪ ಈ ಮೂರೂ ಕೆಡುತ್ತವೆ. ಪೇಟೆಯ ಹಿಂದಿನ ರಾತ್ರಿ ಮಾಲು ತುಂಬಿಕೊಂಡು ಹೆದ್ದಾರಿಗೆ ಇಳಿಯುವ ಗಾಡಿಯಲ್ಲಿ ವರ್ಷದ ದುಡಿಮೆಯ ಜೊತೆಗೆ ಮನೆಯ ಇಬ್ಬರು ಮೂವರ ಜೀವವೂ ಇರುತ್ತದೆ. ಆದ್ದರಿಂದ ಕುಸಿದ ಗಾಡಿಗೆ ಕಂಪನಿಯ ಹೊಸ ಪಾಟಾ ಜೋಡಿಸಿ ಸಮಮಟ್ಟಕ್ಕೆ ತರುವ ಕ್ರಮವನ್ನು ಪ್ರತಿಯೊಬ್ಬ ವಾಹನ ಮಾಲೀಕನೂ ತಿಳಿದಿರುವುದು ಅವಶ್ಯ.

ಪಾಟಾ ಹೇಗೆ ಕೆಲಸ ಮಾಡುತ್ತದೆ?

ಪಿಕಪ್ ವಾಹನಗಳ ಹಿಂದಿನ ಅಚ್ಚಿಗೆ ಸಾಮಾನ್ಯವಾಗಿ ಕಮಾನಿನ ಆಕಾರದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಇದನ್ನೇ ಗ್ಯಾರೇಜುಗಳಲ್ಲಿ ಪಾಟಾ, ಪ್ಲೇಟು ಅಥವಾ ಬ್ಲೇಡು ಎನ್ನುತ್ತಾರೆ. ಮುಂದಿನ ಅಚ್ಚಿಗೆ ಕೆಲವು ಮಾದರಿಗಳಲ್ಲಿ ಪಾಟಾ, ಕೆಲವುಗಳಲ್ಲಿ ಸುರುಳಿ ಸ್ಪ್ರಿಂಗು ಇಲ್ಲವೆ ತಿರುಚುವ ಸರಳು ಇರುತ್ತದೆ.

ಕಟ್ಟಿನ ಎಲ್ಲಕ್ಕಿಂತ ಉದ್ದನೆಯ ಪಟ್ಟಿಗೆ ತಾಯಿಪಟ್ಟಿ ಎನ್ನಬಹುದು. ಇದರ ಎರಡೂ ತುದಿಗಳನ್ನು ಸುತ್ತಿ ಕಣ್ಣು ಮಾಡಿರುತ್ತಾರೆ. ಒಂದು ಕಣ್ಣು ಚಾಸಿಯ ಬ್ರ್ಯಾಕೆಟ್ಟಿಗೆ ನೇರವಾಗಿ ಸೇರುತ್ತದೆ. ಇನ್ನೊಂದು ಕಣ್ಣು ಶಾಕಲ್ ಎಂಬ ತೂಗಾಡುವ ಕೊಂಡಿಗೆ ಸೇರುತ್ತದೆ. ಹೇರು ಬಿದ್ದಾಗ ಕಮಾನು ಚಪ್ಪಟೆಯಾಗಿ ಪಟ್ಟಿಯ ಉದ್ದ ಹೆಚ್ಚುತ್ತದೆ. ಆ ಹೆಚ್ಚಿದ ಉದ್ದಕ್ಕೆ ಶಾಕಲ್ಲು ಜಾಗ ಕೊಡುತ್ತದೆ. ತಾಯಿಪಟ್ಟಿಯ ಕೆಳಗೆ ಒಂದಕ್ಕಿಂತ ಒಂದು ಗಿಡ್ಡನೆಯ ಪಟ್ಟಿಗಳಿರುತ್ತವೆ. ಎಲ್ಲವನ್ನೂ ನಡುವಿನಲ್ಲಿ ಸೆಂಟರ್ ಬೋಲ್ಟು ಹಿಡಿದಿರುತ್ತದೆ. ಕಟ್ಟನ್ನು ಅಚ್ಚಿಗೆ ಎರಡು ಯು-ಬೋಲ್ಟುಗಳು ಬಿಗಿದಿರುತ್ತವೆ. ಕೆಲವು ಗಾಡಿಗಳಲ್ಲಿ ಖಾಲಿ ಇದ್ದಾಗ ಭಾರ ಹೊರದೆ, ಹೇರು ಬಿದ್ದಾಗ ಮಾತ್ರ ಹೆಗಲು ಕೊಡುವ ಸಹಾಯಕ ಪಟ್ಟಿಯೂ ಇರುತ್ತದೆ.

ಪಾಟಾದ ಬಿರುಸು ಪಟ್ಟಿಗಳ ಸಂಖ್ಯೆ, ಅಗಲ, ದಪ್ಪ ಮತ್ತು ಉದ್ದವನ್ನು ಅವಲಂಬಿಸಿದೆ. ಇವುಗಳಲ್ಲಿ ದಪ್ಪದ ಪರಿಣಾಮ ಬಹಳ ದೊಡ್ಡದು. ದಪ್ಪ ಎರಡು ಪಟ್ಟಾದರೆ ಬಿರುಸು ಎಂಟು ಪಟ್ಟಾಗುತ್ತದೆ. ೮ ಮಿ.ಮೀ. ದಪ್ಪದ ಪಟ್ಟಿಗೆ ಹೋಲಿಸಿದರೆ, ಅದೇ ಅಗಲ ಮತ್ತು ಉದ್ದದ ೧೦ ಮಿ.ಮೀ. ಪಟ್ಟಿ ಸುಮಾರು ಎರಡರಷ್ಟು ಬಿರುಸಾಗಿರುತ್ತದೆ. ಎರಡು ಮಿ.ಮೀ. ಏನು ಮಹಾ ಎಂದುಕೊಂಡು ಕೈಗೆ ಸಿಕ್ಕ ಪಟ್ಟಿಯನ್ನು ಸೇರಿಸುವವರು ಇದನ್ನು ಗಮನಿಸಬೇಕು.

ಶಾಕ್ ಅಬ್ಸಾರ್ಬರಿನ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ಅದು ಭಾರ ಹೊರುವ ಸಾಧನವಲ್ಲ. ಪಾಟಾದ ಕುಣಿತವನ್ನು ತಡೆಯುವುದಷ್ಟೇ ಅದರ ಕೆಲಸ. ಸಾಮಾನ್ಯ ಶಾಕ್ ಅಬ್ಸಾರ್ಬರನ್ನು ಎಷ್ಟು ಸಲ ಬದಲಾಯಿಸಿದರೂ ಕುಸಿದ ಗಾಡಿ ಮೇಲೇಳುವುದಿಲ್ಲ.

ಗಾಡಿ ಕುಸಿಯಲು ಕಾರಣಗಳು

ಉಕ್ಕು ಮುಪ್ಪಾಗಿ ಮೆತ್ತಗಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ಪಾಟಾದ ಬಿರುಸು ವರ್ಷಗಳು ಕಳೆದರೂ ಹೆಚ್ಚು ಬದಲಾಗುವುದಿಲ್ಲ; ಬದಲಾಗುವುದು ಅದರ ಕಮಾನು. ಮಿತಿಮೀರಿದ ಹೇರನ್ನು ಮತ್ತೆ ಮತ್ತೆ ಹೊತ್ತಾಗ, ತಗ್ಗಿಗೆ ದಡಕ್ಕನೆ ಬಿದ್ದಾಗ ಉಕ್ಕು ತನ್ನ ಮೂಲ ಬಾಗಿಗೆ ಪೂರ್ತಿಯಾಗಿ ಮರಳುವುದಿಲ್ಲ. ಪ್ರತಿಸಲವೂ ಕೂದಲೆಳೆಯಷ್ಟು ಚಪ್ಪಟೆಯಾಗುತ್ತ ಹೋಗಿ, ಕೆಲವು ವರ್ಷಗಳಲ್ಲಿ ಎರಡು ಮೂರು ಸೆಂ.ಮೀ. ಕಮಾನು ಕಳೆದುಹೋಗಿರುತ್ತದೆ. ಆದ್ದರಿಂದ ಇಲ್ಲಿ ಬೇಕಾದುದು ಕಳೆದುಹೋದ ಕಮಾನು; ಹೆಚ್ಚಿನ ಬಿರುಸು ಅಲ್ಲ. ಹೆಚ್ಚುವರಿ ಪಟ್ಟಿ ಹಾಕುವುದು ಸರಿಯಾದ ಮದ್ದಲ್ಲ ಎನ್ನುವುದಕ್ಕೆ ಇದೇ ಮುಖ್ಯ ಕಾರಣ.

ಇತರ ಕಾರಣಗಳೂ ಉಂಟು. ಒಂದು ಪಟ್ಟಿ ಮುರಿದಿರಬಹುದು. ಮುರಿದ ತುಂಡು ಕಟ್ಟಿನೊಳಗೇ ಇದ್ದು ಹೊರಗೆ ಕಾಣದಿರಬಹುದು. ಕಣ್ಣಿನ ಬುಶ್ಶು ಸವೆದಿರಬಹುದು. ಎರೆಮಣ್ಣಿನ ಕೆಸರು ಪಟ್ಟಿಗಳ ನಡುವೆ ಹೊಕ್ಕು, ಒಣಗಿ, ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ. ತುಕ್ಕಿನ ಸಣ್ಣ ಗುಳಿಯಿಂದಲೇ ಬಿರುಕು ಹೊರಡುತ್ತದೆ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಮತ್ತು ಅದನ್ನು ಸೇರುವ ಹಳ್ಳಗಳ ನೀರಿನಲ್ಲಿ ದಾಟುವ ಗಾಡಿಗಳಲ್ಲಿ ಈ ತೊಂದರೆ ಹೆಚ್ಚು. ಚಾಸಿಯೇ ಬಾಗಿದ್ದರೆ, ಬ್ರ್ಯಾಕೆಟ್ಟು ಬಿರುಕುಬಿಟ್ಟಿದ್ದರೆ ಪಾಟಾ ಬದಲಾಯಿಸಿಯೂ ಪ್ರಯೋಜನವಾಗದು.

ಮೊದಲು ಅಳತೆ, ಆಮೇಲೆ ಖರೀದಿ

ಖಾಲಿ ಪಿಕಪ್ಪಿನ ಹಿಂಭಾಗ ಮುಂಭಾಗಕ್ಕಿಂತ ಸ್ವಲ್ಪ ಎತ್ತರವಾಗಿರುವುದು ದೋಷವಲ್ಲ. ಹೇರು ಬಿದ್ದಾಗ ಸಮವಾಗಲೆಂದೇ ತಯಾರಕರು ಹಾಗೆ ಮಾಡಿರುತ್ತಾರೆ. ಖಾಲಿ ಗಾಡಿಯನ್ನು ನೋಡಿ, ಮೂತಿ ತಗ್ಗಿದೆಯೆಂದು ಮುಂದಿನ ಪಾಟಾ ಎತ್ತರಿಸಿದರೆ, ಹೇರು ಬಿದ್ದಾಗ ಗಾಡಿ ಹಿಂದಕ್ಕೆ ಕೂತು ಮುಗಿಲು ನೋಡುತ್ತದೆ. ಸಮಮಟ್ಟವೆಂದರೆ ಎಡ-ಬಲಗಳು ಸಮನಾಗಿರುವುದು ಮತ್ತು ನಿಗದಿತ ಹೇರಿನಲ್ಲಿ ಮುಂದು-ಹಿಂದುಗಳು ಸರಿಸುಮಾರು ಸಮನಾಗಿರುವುದು.

ಅಳತೆಗೆ ಸಪಾಟಾದ ಗಚ್ಚಿನ ನೆಲ ಬೇಕು. ಊರಿನ ಸಹಕಾರಿ ಸಂಘದ ಗೋದಾಮಿನ ಅಂಗಳ ಇದಕ್ಕೆ ಯೋಗ್ಯ. ನಾಲ್ಕೂ ಗಾಲಿಗಳಲ್ಲಿ ನಿಗದಿತ ಗಾಳಿ ಇರಲಿ. ಗಾಡಿಯಲ್ಲಿ ಕಲ್ಲು, ಹಗ್ಗ, ತಾಡಪತ್ರಿ ಏನೂ ಇರಬಾರದು. ಗಾಡಿಯನ್ನು ಸ್ವಲ್ಪ ಮುಂದೆ ಹಿಂದೆ ಓಡಿಸಿ ನಿಲ್ಲಿಸಿ, ನಾಲ್ಕು ಮೂಲೆಗಳನ್ನೂ ಒಮ್ಮೆ ಒತ್ತಿ ಬಿಡಬೇಕು. ಅನಂತರ ಪ್ರತಿ ಗಾಲಿಯ ನಡುಬಿಂದುವಿನಿಂದ ನೇರ ಮೇಲಕ್ಕೆ ಬಾಡಿಯ ಅಥವಾ ಮಡ್‌ಗಾರ್ಡಿನ ಅಂಚಿನವರೆಗೆ ಟೇಪಿನಿಂದ ಅಳೆದು ಬರೆದಿಡಬೇಕು. ನೆಲದಿಂದ ಅಳೆದರೆ ಟಾಯರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಉದಾಹರಣೆಗೆ, ಒಂದು ಗಾಡಿಯ ಅಳತೆ ಹೀಗಿದೆ ಎಂದುಕೊಳ್ಳೋಣ:

ಮುಂದಿನ ಎಡ: ೪೦ ಸೆಂ.ಮೀ.
ಮುಂದಿನ ಬಲ: ೪೦ ಸೆಂ.ಮೀ.
ಹಿಂದಿನ ಎಡ: ೪೧ ಸೆಂ.ಮೀ.
ಹಿಂದಿನ ಬಲ: ೪೪ ಸೆಂ.ಮೀ.

ಇಲ್ಲಿ ಹಿಂದಿನ ಎಡ ಮೂಲೆ ೩ ಸೆಂ.ಮೀ. ತಗ್ಗಿದೆ. ದೋಷ ಪಾಟಾದಲ್ಲಿದೆಯೋ ಚಾಸಿಯಲ್ಲಿದೆಯೋ ಎಂಬ ಸಂಶಯ ಬಂದರೆ, ಎಡ-ಬಲದ ಪಾಟಾಗಳು ಒಂದೇ ನಮೂನೆಯವಾಗಿದ್ದಲ್ಲಿ ಅವುಗಳನ್ನು ಅದಲುಬದಲು ಮಾಡಿ ನೋಡಬೇಕು. ತಗ್ಗು ಬಲಕ್ಕೆ ಬಂದರೆ ದೋಷ ಪಾಟಾದ್ದು. ಎಡದಲ್ಲಿಯೇ ಉಳಿದರೆ ದೋಷ ಚಾಸಿ ಅಥವಾ ಬಾಡಿಯದು. ಅಂಥ ಗಾಡಿಯ ಚಾಸಿ ಸರಿಪಡಿಸದೆ ಪಾಟಾಕ್ಕೆ ಹಣ ಹಾಕಬಾರದು.

ಪಾಟಾ ಬಿಚ್ಚಿದಾಗ ಇನ್ನೊಂದು ಅಳತೆ ಮಾಡಬಹುದು. ಒಂದು ಕಣ್ಣಿನ ನಡುವಿನಿಂದ ಇನ್ನೊಂದು ಕಣ್ಣಿನ ನಡುವಿಗೆ ದಾರ ಬಿಗಿದು, ದಾರದಿಂದ ತಾಯಿಪಟ್ಟಿಯ ನಡುವಿಗೆ ಎಷ್ಟು ಆಳವಿದೆಯೆಂದು ನೋಡಬೇಕು. ಇದೇ ಕಮಾನಿನ ಅಳತೆ. ಎಡ-ಬಲ, ಹಳೆಯದು-ಹೊಸದು ಇವುಗಳನ್ನು ಹೀಗೆ ಹೋಲಿಸಿದರೆ ಎಷ್ಟು ಕಳೆದುಹೋಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಹೊಸ ಪಾಟಾದ ಆಯ್ಕೆ

ಹಳೆಯ ಮಾದರಿಯ ಬಿಡಿಭಾಗ ಸಿಗದಿದ್ದಾಗ, ಅದೇ ಕಂಪನಿಯ ಅದೇ ಮಾದರಿಯ ನಂತರದ ವರ್ಷಗಳ ಪಾಟಾ ಬಳಸುವುದು ಸಾಧ್ಯ. ಆದರೆ ನೋಡಲು ಒಂದೇ ತೆರನಾಗಿರುವ ಪಾಟಾಗಳೆಲ್ಲ ಒಂದೇ ಅಲ್ಲ. ಬಿಡಿಭಾಗದ ಅಂಗಡಿಗೆ ಹೋಗುವಾಗ ನೋಂದಣಿ ಪತ್ರ ಒಯ್ದು, ಚಾಸಿ ನಂಬರು ತೋರಿಸಿ, ಆ ಗಾಡಿಗೆ ಕಂಪನಿ ಸೂಚಿಸಿರುವ ಭಾಗದ ನಂಬರನ್ನು ಕೇಳಬೇಕು. ಹಳೆಯ ನಂಬರಿಗೆ ಬದಲಾಗಿ ಹೊಸ ನಂಬರನ್ನು ಕಂಪನಿಯೇ ಕೊಟ್ಟಿದ್ದರೆ ಅದು ನಿಶ್ಚಿಂತೆಯ ಆಯ್ಕೆ. ಖರೀದಿಗೆ ಮೊದಲು ಕೆಳಗಿನ ಅಂಶಗಳನ್ನು ತಾಳೆ ನೋಡಬೇಕು:

೧. ಕಣ್ಣಿನಿಂದ ಕಣ್ಣಿಗಿರುವ ಉದ್ದ ಮತ್ತು ಪಟ್ಟಿಯ ಅಗಲ.

೨. ಕಣ್ಣಿನ ಒಳವ್ಯಾಸ ಮತ್ತು ಬುಶ್ಶಿನ ಅಳತೆ.

೩. ಸೆಂಟರ್ ಬೋಲ್ಟಿನ ಸ್ಥಾನ. ಅನೇಕ ಪಾಟಾಗಳಲ್ಲಿ ಇದು ಸರಿಯಾಗಿ ನಡುವೆ ಇರುವುದಿಲ್ಲ. ಮುಂದಿನ ಕಣ್ಣಿನಿಂದ ಬೋಲ್ಟಿಗೆ, ಬೋಲ್ಟಿನಿಂದ ಹಿಂದಿನ ಕಣ್ಣಿಗೆ ಬೇರೆಬೇರೆಯಾಗಿ ಅಳೆಯಬೇಕು. ತಪ್ಪಿದರೆ ಅಚ್ಚು ಮುಂದಕ್ಕೋ ಹಿಂದಕ್ಕೋ ಸರಿದು, ಗಾಡಿ ನಾಯಿ ಓಡಿದಂತೆ ಓರೆಯಾಗಿ ಓಡುತ್ತದೆ.

೪. ಪಟ್ಟಿಗಳ ಸಂಖ್ಯೆ ಮತ್ತು ಪ್ರತಿಯೊಂದರ ದಪ್ಪ.

೫. ಖಾಲಿ ಇದ್ದಾಗಿನ ಕಮಾನು.

೬. ಕಟ್ಟಿನ ಒಟ್ಟು ದಪ್ಪ. ಇದು ಬದಲಾದರೆ ಯು-ಬೋಲ್ಟಿನ ಉದ್ದವೂ ಬದಲಾಗಬೇಕು.

ಹೊಸ ಮಾದರಿಗಳಲ್ಲಿ ಕೆಲವಕ್ಕೆ ಪ್ಯಾರಾಬೋಲಿಕ್ ಪಾಟಾ ಇರುತ್ತದೆ. ಇದರ ಪಟ್ಟಿಗಳು ಕಡಿಮೆ. ಪ್ರತಿ ಪಟ್ಟಿ ನಡುವೆ ದಪ್ಪ, ತುದಿಗೆ ತೆಳು. ಪಟ್ಟಿಗಳು ಒಂದಕ್ಕೊಂದು ಉಜ್ಜದಂತೆ ನಡುವೆ ಸಂದು ಇರುತ್ತದೆ. ಹಳೆಯ ಗಾಡಿಗೆ ಇದು ಹೊಂದುತ್ತದೆಂದು ತಯಾರಕರು ತಿಳಿಸಿದ್ದರೆ ಮಾತ್ರ ಹಾಕಬೇಕು. ಇದರ ಸಂದಿನಲ್ಲಿ ಸಾದಾ ಪಟ್ಟಿ ತುರುಕುವುದು ಒಳ್ಳೆಯ ಪಾಟಾವನ್ನು ಕೈಯಾರೆ ಕೆಡಿಸಿದಂತೆ.

ಪಾಟಾಗಳನ್ನು ಯಾವಾಗಲೂ ಜೋಡಿಯಾಗಿ ಬದಲಾಯಿಸಬೇಕು. ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೆಯದು ಹಾಕುವುದು ಒಂದು ಎಳೆಯ ಎತ್ತು, ಒಂದು ಮುದಿ ಎತ್ತನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ. ದರ ಕೇಳುವಾಗ ಜೋಡಿ ಪಾಟಾ, ಬುಶ್ಶು, ಶಾಕಲ್ ಪಿನ್ನು, ಯು-ಬೋಲ್ಟು ಮತ್ತು ಕೂಲಿ ಇವೆಲ್ಲವನ್ನೂ ಸೇರಿಸಿ ಕೇಳಬೇಕು. ಯು-ಬೋಲ್ಟು ಒಮ್ಮೆ ಬಿಗಿದಾಗ ಎಳೆದಿರುತ್ತದೆ. ಹಳೆಯದನ್ನೇ ಮತ್ತೆ ಹಾಕಿ ಉಳಿತಾಯ ಮಾಡುವುದು ಸರಿಯಲ್ಲ.

ಕುಲುಮೆಯಲ್ಲಿ ಬಾಗಿಸಿದರೆ ಆಗದೇ?

ಹಳೆಯ ಪಾಟಾವನ್ನು ಕಾಯಿಸಿ, ಬಡಿದು ಕಮಾನು ಕೊಡಿಸುವ ರೂಢಿ ಇದೆ. ಪಾಟಾಕ್ಕೆ ಬಳಸುವುದು ಸಾದಾ ಕಬ್ಬಿಣವಲ್ಲ. ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಬೆರೆಸಿದ ಉಕ್ಕು. ಕಾರ್ಖಾನೆಯಲ್ಲಿ ಇದನ್ನು ಸುಮಾರು ೮೫೦ರಿಂದ ೯೦೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಸುಮಾರು ೪೦೦ರಿಂದ ೫೦೦ ಡಿಗ್ರಿಗೆ ಕಾಯಿಸಿ ಹದ ಕೊಡುತ್ತಾರೆ. ಕುಡ, ಕೊಡಲಿಗೆ ಹದ ಕೊಡುವುದರಲ್ಲಿ ಊರಿನ ಕಮ್ಮಾರರ ಕೈಚಳಕ ದೊಡ್ಡದು. ಆದರೆ ಒಂದು ಮೀಟರಿಗೂ ಮಿಕ್ಕಿದ ಪಟ್ಟಿಯನ್ನು ಉದ್ದಕ್ಕೂ ಒಂದೇ ಉಷ್ಣತೆಯಲ್ಲಿ ಇಡುವುದು ತೆರೆದ ಕುಲುಮೆಯಲ್ಲಿ ಸಾಧ್ಯವಾಗದು. ಹದ ಹೆಚ್ಚಾದ ಕಡೆ ಪಟ್ಟಿ ಗಾಜಿನಂತೆ ಮುರಿಯುತ್ತದೆ; ಕಡಿಮೆಯಾದ ಕಡೆ ಕೆಲವೇ ಹೇರುಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ. ಯಂತ್ರದ ಸಹಾಯದಿಂದ ಕಾಯಿಸದೆಯೇ ಕಮಾನು ಕೊಡುವ ನುರಿತ ಪಾಟಾ ಅಂಗಡಿಗಳಿವೆ. ಬಿರುಕು, ಆಳವಾದ ತುಕ್ಕು ಇಲ್ಲದ ಪಟ್ಟಿಗೆ ಇದು ಕೆಲಕಾಲದ ಪರಿಹಾರವಾದೀತು. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾಡಿಸಲೇಬಾರದು.

ಜೋಡಿಸುವ ಕ್ರಮ

ಈ ಕೆಲಸವನ್ನು ಅನುಭವವಿರುವ ಮಿಸ್ತ್ರಿಯಿಂದಲೇ ಮಾಡಿಸಬೇಕು. ಆದರೆ ಮಾಲೀಕನು ಪಕ್ಕದಲ್ಲಿ ನಿಂತು ಈ ಕೆಳಗಿನ ಕ್ರಮಗಳು ತಪ್ಪದಂತೆ ನೋಡಿಕೊಳ್ಳುವುದು ಒಳ್ಳೆಯದು.

೧. ಗಟ್ಟಿ ನೆಲದ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಟ್ಟಿ ಇಡಬೇಕು. ಎರೆಹೊಲದಲ್ಲಿ, ಹಸಿ ನೆಲದಲ್ಲಿ ಜಾಕು ಹಚ್ಚಬಾರದು.

೨. ಚಾಸಿಯನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರೀ ಜಾಕಿನ ಮೇಲೆ, ಕಲ್ಲು ಇಟ್ಟಂಗಿಗಳ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಅಚ್ಚಿಗೆ ಬೇರೆ ಜಾಕು ಆಸರೆ ಇರಲಿ. ಇಲ್ಲದಿದ್ದರೆ ಪಾಟಾ ಬಿಚ್ಚಿದಾಗ ಅಚ್ಚು ಜೋತುಬಿದ್ದು ಬ್ರೇಕಿನ ಪೈಪು ಹರಿಯುತ್ತದೆ.

೩. ಶಾಕ್ ಅಬ್ಸಾರ್ಬರಿನ ಕೆಳತುದಿ, ಯು-ಬೋಲ್ಟು, ಕಣ್ಣಿನ ಬೋಲ್ಟುಗಳನ್ನು ಕ್ರಮವಾಗಿ ಬಿಚ್ಚಬೇಕು. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ ಮಾಡಿದರೆ ಅಚ್ಚು ಸ್ಥಾನ ತಪ್ಪುವುದಿಲ್ಲ.

೪. ಪಾಟಾ ಇಳಿಸಿದ ಮೇಲೆ ಬ್ರ್ಯಾಕೆಟ್ಟು, ರಿವೆಟ್ಟು ಮತ್ತು ಚಾಸಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ ಬಿರುಕು ಇದೆಯೇ ಎಂದು ನೋಡಬೇಕು. ನೋಡಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗದು.

೫. ಹೊಸ ಪಾಟಾ ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಅಚ್ಚಿನ ಮೇಲಿನ ತೂತಿನಲ್ಲಿ ಪೂರ್ತಿಯಾಗಿ ಇಳಿಯಬೇಕು. ಅದು ಅಂಚಿನ ಮೇಲೆ ಕೂತಿದ್ದರೂ ಯು-ಬೋಲ್ಟು ಬಿಗಿಯಾದಂತೆ ಕಾಣುತ್ತದೆ. ಮೊದಲ ತಗ್ಗಿಗೇ ಅಚ್ಚು ಸರಿಯುತ್ತದೆ.

೬. ಯು-ಬೋಲ್ಟಿನ ನಾಲ್ಕು ನಟ್ಟುಗಳನ್ನು ಒಂದರ ನಂತರ ಅದರ ಎದುರು ಮೂಲೆಯದು ಎಂಬಂತೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೊನೆಯ ಬಿಗಿತವನ್ನು ಟಾರ್ಕ್ ಪಾನಾದಿಂದ ಕಂಪನಿ ಹೇಳಿದಷ್ಟೇ ಕೊಡಬೇಕು.

೭. ರಬ್ಬರ್ ಬುಶ್ಶುಗಳಿದ್ದಲ್ಲಿ ಕಣ್ಣಿನ ಮತ್ತು ಶಾಕಲ್ಲಿನ ಬೋಲ್ಟುಗಳನ್ನು ಗಾಡಿ ಗಾಲಿಯ ಮೇಲೆ ನಿಂತ ನಂತರವೇ ಕೊನೆಯದಾಗಿ ಬಿಗಿಯಬೇಕು. ಗಾಡಿ ಎತ್ತಿದಾಗಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

೮. ಹೊಸ ಪಾಟಾ ಮೊದಲ ಕೆಲವು ಹೇರುಗಳಲ್ಲಿ ಸ್ವಲ್ಪ ಕೂರುತ್ತದೆ. ಆದ್ದರಿಂದ ಸುಮಾರು ೫೦೦ ಕಿ.ಮೀ. ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ನಾಲ್ಕೂ ಮೂಲೆಗಳ ಅಳತೆಯನ್ನು ತೆಗೆದು ಹಿಂದಿನದರೊಡನೆ ಹೋಲಿಸಬೇಕು.

ಮಟ್ಟ ಬದಲಾದಾಗ ಬ್ರೇಕು ಮತ್ತು ದೀಪ

ಪಾಟಾ ಬದಲಾಯಿಸಿದ ಮೇಲೆ ಮರೆತುಹೋಗುವ, ಆದರೆ ಅತಿ ಮುಖ್ಯವಾದ ಭಾಗ ಇದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು ಅಥವಾ ಸ್ಪ್ರಿಂಗಿನಿಂದ ಜೋಡಿಸಿದ ಬ್ರೇಕ್ ವಾಲ್ವು ಇರುತ್ತದೆ. ಹೇರು ಬಿದ್ದು ಗಾಡಿ ತಗ್ಗಿದಾಗ ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಗಾಡಿ ಖಾಲಿಯಾಗಿ ಎದ್ದಾಗ ಕಡಿಮೆ ಮಾಡುತ್ತದೆ. ಖಾಲಿ ಗಾಡಿಯ ಹಿಂದಿನ ಗಾಲಿಗಳು ಹಿಡಿದುಕೊಂಡು ಜಾರಬಾರದೆಂದು ಈ ಏರ್ಪಾಡು. ವಾಲ್ವಿಗೆ ತೂಕ ತಿಳಿಯದು, ಎತ್ತರವಷ್ಟೇ ತಿಳಿಯುತ್ತದೆ. ಬಿರುಸಾದ ಪಾಟಾ ಹಾಕಿ ಗಾಡಿ ಎತ್ತರಿಸಿದರೆ, ಪೂರ್ತಿ ಹೇರು ಇದ್ದಾಗಲೂ ಗಾಡಿ ಖಾಲಿ ಇದೆಯೆಂದೇ ಅದು ನಡೆದುಕೊಳ್ಳುತ್ತದೆ. ಹಿಂದಿನ ಬ್ರೇಕು ಅರೆಬರೆ ಹಿಡಿದು, ಗಾಡಿ ನಿಲ್ಲುವ ದೂರ ಹೆಚ್ಚಾಗುತ್ತದೆ. ಆದ್ದರಿಂದ ಪಾಟಾ ಜೋಡಿಸಿದ ದಿನವೇ ಈ ವಾಲ್ವಿನ ಸರಳನ್ನು ಕಂಪನಿಯ ಸೂಚನೆಯಂತೆ ಸರಿಹೊಂದಿಸಬೇಕು. ಅದನ್ನು ತಂತಿಯಿಂದ ಕಟ್ಟಿಬಿಡುವುದು, ಕಳಚಿಬಿಡುವುದು ಅಪಾಯಕರ.

ದೀಪದ ವಿಷಯವನ್ನೂ ಲೆಕ್ಕ ಮಾಡಿ ನೋಡಬಹುದು. ಎರಡು ಅಚ್ಚುಗಳ ನಡುವೆ ೩ ಮೀಟರ್ ಅಂತರವಿರುವ ಗಾಡಿಯ ಹಿಂಭಾಗ ೫ ಸೆಂ.ಮೀ. ಕುಸಿದರೆ, ೩೦ ಮೀಟರ್ ದೂರದಲ್ಲಿ ದೀಪದ ಬೆಳಕು ಸುಮಾರು ೫೦ ಸೆಂ.ಮೀ. ಮೇಲಕ್ಕೇರುತ್ತದೆ. ರಸ್ತೆಯ ಮೇಲೆ ಬೀಳಬೇಕಾದ ಬೆಳಕು ಎದುರಿನ ಸವಾರನ ಕಣ್ಣಿಗೆ ಬೀಳುತ್ತದೆ. ಕತ್ತಲೆಯಲ್ಲಿ ದೀಪವಿಲ್ಲದ ಚಕ್ಕಡಿ, ಟ್ರ್ಯಾಕ್ಟರ್ ಟ್ರೇಲರುಗಳು ಚಾಲಕನಿಗೆ ಕಾಣದೆ ಹೋಗುತ್ತವೆ. ಮಟ್ಟ ಸರಿಯಾದ ಮೇಲೆ ಗಾಡಿಯನ್ನು ಗೋಡೆಯೆದುರು ನಿಲ್ಲಿಸಿ ದೀಪದ ಕೋನವನ್ನೂ ಸರಿಪಡಿಸಬೇಕು. ಮುಂದಿನ ಪಾಟಾ ಬದಲಾಗಿದ್ದರೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸುವುದು ಅವಶ್ಯ. ಓಡುವಾಗ ಕೆಳಗಿನಿಂದ ಹೊಸದಾಗಿ ಅದುರು ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿರಬಹುದು; ಗಾಡಿಯನ್ನು ಮತ್ತೆ ತೋರಿಸಬೇಕು.

ಪಾಟಾ ಬಲವಾದರೆ ಹೇರು ಹೆಚ್ಚಿಸಬಹುದೇ?

ಹೆಚ್ಚಿಸಬಾರದು. ಗಾಡಿ ಹೊರಬಹುದಾದ ತೂಕವನ್ನು ಪಾಟಾ ಒಂದೇ ನಿರ್ಧರಿಸುವುದಿಲ್ಲ. ಚಾಸಿ, ಅಚ್ಚು, ಬೇರಿಂಗು, ಬ್ರೇಕು, ಟಾಯರು ಇವುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದುದೇ ಗಾಡಿಯ ನಿಜವಾದ ಶಕ್ತಿ. ಹೆಚ್ಚು ಹೇರಿನ ಮಾದರಿಯ ಪಾಟಾವನ್ನು ಕಡಿಮೆ ಹೇರಿನ ಗಾಡಿಗೆ ಹಾಕಿದರೆ, ಮೊದಲು ಪಾಟಾ ಬಾಗಿ ಕೊಡುತ್ತಿದ್ದ ಎಚ್ಚರಿಕೆ ತಪ್ಪಿಹೋಗುತ್ತದೆ. ಪೆಟ್ಟು ನೇರವಾಗಿ ಚಾಸಿಗೆ ಹೋಗುತ್ತದೆ. ಖಾಲಿ ಓಡುವಾಗ ಗಾಡಿ ಪುಟಿಯುತ್ತದೆ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕ ಪಾಟಾ ಬದಲಾಯಿಸಿದ ಮಾತ್ರಕ್ಕೆ ಬದಲಾಗುವುದಿಲ್ಲ. ತಯಾರಕರ ಮೂಲ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೆಯ ಕಲಮು ನಿರ್ಬಂಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಮಿತಿಮೀರಿದ ಹೇರಿಗೆ ೧೯೪ನೆಯ ಕಲಮಿನಲ್ಲಿ ೨೦,೦೦೦ ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ ೨,೦೦೦ ರೂಪಾಯಿ ದಂಡವಿದೆ. ಸಾಗಾಣಿಕೆ ವಾಹನಗಳಿಗೆ ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರ ಬೇಕಾಗುತ್ತದೆ. ಕಂಪನಿಯ ಭಾಗಗಳ ಬಿಲ್ಲನ್ನು ಜೋಪಾನವಾಗಿಟ್ಟರೆ ಆ ಸಮಯದಲ್ಲಿ ಉಪಯೋಗಕ್ಕೆ ಬರುತ್ತದೆ.

ಹೇರು ಹಾಕುವ ಜಾಣತನ

ಚಕ್ಕಡಿ ಹೊಡೆದವರಿಗೆ ಮುಂಭಾರ, ಹಿಂಭಾರದ ಲೆಕ್ಕ ಹೊಸದಲ್ಲ. ಹಿಂಭಾರವಾದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ. ಮುಂಭಾರವಾದರೆ ಎತ್ತು ಬಳಲುತ್ತದೆ. ಪಿಕಪ್ಪಿಗೂ ಇದೇ ನಿಯಮ. ಅಚ್ಚುಗಳ ಅಂತರ ೩ ಮೀಟರ್ ಇರುವ ಗಾಡಿಯಲ್ಲಿ ೧,೦೦೦ ಕಿ.ಗ್ರಾಂ. ಹೇರಿನ ನಡುಬಿಂದು ಹಿಂದಿನ ಅಚ್ಚಿಗಿಂತ ೩೦ ಸೆಂ.ಮೀ. ಮುಂದೆ ಇದ್ದರೆ, ೧೦೦ ಕಿ.ಗ್ರಾಂ. ಮುಂದಿನ ಅಚ್ಚಿಗೂ ೯೦೦ ಕಿ.ಗ್ರಾಂ. ಹಿಂದಿನ ಅಚ್ಚಿಗೂ ಹೋಗುತ್ತದೆ. ಅದೇ ಹೇರು ೩೦ ಸೆಂ.ಮೀ. ಹಿಂದಕ್ಕೆ ಬಿದ್ದರೆ ಹಿಂದಿನ ಅಚ್ಚಿನ ಮೇಲೆ ೧,೧೦೦ ಕಿ.ಗ್ರಾಂ. ಬಿದ್ದು, ಮುಂದಿನ ಗಾಲಿಗಳ ಮೇಲಿನ ಭಾರ ೧೦೦ ಕಿ.ಗ್ರಾಂ. ಕಡಿಮೆಯಾಗುತ್ತದೆ. ಸ್ಟಿಯರಿಂಗ್ ಹಗುರವಾಗಿ ತೇಲಿದಂತಾಗುವುದು ಇದರಿಂದಲೇ. ಆದ್ದರಿಂದ ಭಾರದ ಚೀಲಗಳನ್ನು ಕ್ಯಾಬಿನ್ನಿಗೆ ತಾಗಿಸಿ, ಎಡ-ಬಲ ಸಮನಾಗಿ ಮೊದಲು ಹಾಕಬೇಕು. ಹಗುರ ಮಾಲು ಹಿಂದಕ್ಕೆ ಮತ್ತು ಮೇಲಕ್ಕೆ ಬರಲಿ.

ಚೀಲಗಳ ಲೆಕ್ಕವನ್ನೂ ಮೊದಲೇ ಮಾಡಿಡಬೇಕು. ೧,೨೦೦ ಕಿ.ಗ್ರಾಂ. ಹೇರಿನ ಗಾಡಿಗೆ ೫೦ ಕಿ.ಗ್ರಾಂ. ತೂಕದ ಡಿ.ಎ.ಪಿ. ೨೪ ಚೀಲ, ೪೫ ಕಿ.ಗ್ರಾಂ. ತೂಕದ ಯೂರಿಯಾ ೨೬ ಚೀಲ, ಕ್ವಿಂಟಲ್ ಚೀಲದ ಕಡಲೆಯಾದರೆ ೧೨ ಚೀಲ. ಜೊತೆಗೆ ಹಿಂದೆ ಹತ್ತಿ ಕೂರುವವರ ತೂಕವೂ ಸೇರುತ್ತದೆ. ಸರಕಿನ ಬಾಡಿಯಲ್ಲಿ ಜನರನ್ನು ಕೂರಿಸುವುದು ಅಪಾಯಕರ ಮತ್ತು ಕಾನೂನಿಗೆ ವಿರುದ್ಧ. ಹತ್ತಿ ಮತ್ತು ಒಣಮೆಣಸಿನಕಾಯಿ ತೂಕದಲ್ಲಿ ಹಗುರ, ಗಾತ್ರದಲ್ಲಿ ದೊಡ್ಡವು. ಇಲ್ಲಿ ತೂಕಕ್ಕಿಂತ ಎತ್ತರದ ಭಯ ಹೆಚ್ಚು. ಒಂದು ಬದಿಗೆ ವಾಲಿದ ಗಾಡಿಯಲ್ಲಿ ಎತ್ತರದ ಹೇರು ತಿರುವಿನಲ್ಲಿ ಇನ್ನಷ್ಟು ವಾಲಿ ಗಾಡಿಯನ್ನೇ ಉರುಳಿಸಬಲ್ಲದು.

ಸುಗ್ಗಿಗೆ ಮುನ್ನ ಮತ್ತು ಮಳೆಗಾಲದ ನಂತರ

ಎರೆಯ ದಾರಿಯಲ್ಲಿ ಓಡಾಡಿದ ಗಾಡಿಯ ಅಡಿಭಾಗವನ್ನು ಕೆಸರು ಒಣಗುವ ಮೊದಲೇ ನೀರಿನಿಂದ ತೊಳೆಯಬೇಕು. ತಿಂಗಳಿಗೊಮ್ಮೆ ಯು-ಬೋಲ್ಟು ಸಡಿಲವಾಗಿದೆಯೇ, ಪಟ್ಟಿಗಳಲ್ಲಿ ಬಿರುಕು ಇದೆಯೇ, ಪಟ್ಟಿಗಳು ಪಕ್ಕಕ್ಕೆ ಸರಿದಿವೆಯೇ ಎಂದು ನೋಡಬೇಕು. ಗ್ರೀಸ್ ನಿಪ್ಪಲ್ ಇರುವ ಪಿನ್ನುಗಳಿಗೆ ಗ್ರೀಸ್ ಹಾಕಬೇಕು. ರಬ್ಬರ್ ಬುಶ್ಶಿಗೆ ಮಾತ್ರ ಡೀಸೆಲ್, ಸುಟ್ಟ ಆಯಿಲ್ ತಾಗಬಾರದು, ತಾಗಿದರೆ ರಬ್ಬರು ಉಬ್ಬಿ ಕೆಡುತ್ತದೆ.

ವಿಸ್ತರಣಾ ಕಾರ್ಯಕರ್ತರು ಮೆಣಸಿನಕಾಯಿ ಕೊಯ್ಲಿಗೆ ಮೊದಲು ಊರಿನ ಗೋದಾಮಿನ ಅಂಗಳದಲ್ಲಿ ಒಂದು ದಿನ ಎಲ್ಲ ಪಿಕಪ್ಪುಗಳನ್ನು ಸೇರಿಸಿ, ನಾಲ್ಕು ಮೂಲೆಗಳ ಅಳತೆ ಮತ್ತು ಯು-ಬೋಲ್ಟುಗಳ ತಪಾಸಣೆಯ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಇದಕ್ಕೆ ಬೇಕಾದುದು ಒಂದು ಟೇಪು, ಒಂದು ಪಾನಾ ಮತ್ತು ಬರೆದುಕೊಳ್ಳಲು ಒಂದು ವಹಿ ಮಾತ್ರ.

ನೆನಪಿಡಬೇಕಾದ ಅಂಶಗಳು

* ಅಳೆಯದೆ ಪಾಟಾ ಬದಲಾಯಿಸಬಾರದು.
* ಖಾಲಿ ಗಾಡಿಯ ಹಿಂಭಾಗ ಸ್ವಲ್ಪ ಎತ್ತರವಿರುವುದು ಸಹಜ.
* ಪಾಟಾ ಜೋಡಿಯಾಗಿಯೇ ಬದಲಾಗಲಿ. ಯು-ಬೋಲ್ಟು, ಬುಶ್ಶುಗಳೂ ಹೊಸದಿರಲಿ.
* ಗುಜರಿಯ ಪಟ್ಟಿ, ಮರದ ತುಂಡು, ವೆಲ್ಡಿಂಗ್ ಬೇಡ.
* ಪಾಟಾದ ಜೊತೆಗೆ ಬ್ರೇಕ್ ವಾಲ್ವು ಮತ್ತು ದೀಪವನ್ನು ಸರಿಪಡಿಸುವವರೆಗೆ ಕೆಲಸ ಮುಗಿದಿಲ್ಲ.
* ಹೊಸ ಪಾಟಾ ಗಾಡಿಯ ಮಟ್ಟವನ್ನು ಮರಳಿಸುತ್ತದೆ. ಹೇರಿನ ಮಿತಿಯನ್ನು ಹೆಚ್ಚಿಸುವುದಿಲ್ಲ.

ಒಂದು ಹೇರು ಕಡಿಮೆ ಹಾಕಿ ಎರಡು ಸಲ ಹೋಗಿಬಂದರೆ ಡೀಸೆಲ್ಲಿನ ಖರ್ಚು ಸ್ವಲ್ಪ ಹೆಚ್ಚಾದೀತು. ಆದರೆ ಗಾಡಿ, ಮಾಲು ಮತ್ತು ಮನೆಯವರು ಮೂರೂ ಸುರಕ್ಷಿತವಾಗಿ ಮರಳಿ ಊರು ಸೇರುವುದರ ಮುಂದೆ ಆ ಖರ್ಚು ದೊಡ್ಡದಲ್ಲ.